ಹಾಲ್ ಕಿಟಕಿಗೆ ಡಮಾಸ್ಕ್ ಕರ್ಟನ್ ಹಾಕ್ಸಿದ ನಮ್ಮ ಅನುಭವ

ಡಮಾಸ್ಕ್ ಬಟ್ಟೆನ, ಅಂದ್ರೆ ನೇಯ್ಗೆಲೇ ಹೂವು ಮೂಡಿರೋ ಬಟ್ಟೆನ, ಅಂಗಡಿ ಲೈಟಲ್ಲಿ ನೋಡಿ ಓಕೆ ಮಾಡ್ಬೇಡಿ. ಒಂದು ಪೀಸ್ ಮನೆಗೆ ತಂದು ನಿಮ್ಮ ಕಿಟಕಿಗೇ ನೇತಾಕಿ, ಬೆಳಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ, ರಾತ್ರಿ ಲೈಟ್ ಹಾಕ್ಕೊಂಡು ಒಂದ್ಸಲ ನೋಡಿ, ಆಮೇಲೆ ದುಡ್ಡು ಕೊಡಿ. ಇದನ್ನ ಮೊದಲೇ ಹೇಳ್ಬಿಡ್ತಿದೀನಿ, ಯಾಕಂದ್ರೆ ಕರ್ಟನ್ ಬಗ್ಗೆ ಯಾರನ್ನ ಕೇಳಿದ್ರೂ ಗೋಡೆ ಬಣ್ಣಕ್ಕೆ ಮ್ಯಾಚ್ ಆಗುತ್ತಾ, ಸೋಫಾಗೆ ಸೂಟ್ ಆಗುತ್ತಾ ಅಂತಾನೇ ಮಾತಾಡ್ತಾರೆ, ಬೆಳಕು ಯಾವ ಕಡೆಯಿಂದ ಬರುತ್ತೆ ಅಂತ ಯಾರೂ ಕೇಳಲ್ಲ, ಡಮಾಸ್ಕ್ ವಿಷಯದಲ್ಲಿ ಎಲ್ಲಾ ನಿಂತಿರೋದೇ ಅದರ ಮೇಲೆ.

ನಮ್ದು ಬನಶಂಕರಿ ಕಡೆ, ಮೊದಲನೇ ಮಹಡಿ ಮನೆ. ಹಾಲ್ ಕಿಟಕಿ ಆರಡಿ ಅಗಲ, ಪಶ್ಚಿಮಕ್ಕಿದೆ, ಎದುರಿಗೆ ರೋಡು. ಬೇಸಿಗೆಲಿ ಮೂರು ಗಂಟೆ ಆಯ್ತು ಅಂದ್ರೆ ಬಿಸಿಲು ಸೀದಾ ಸೋಫಾ ಮೇಲೇ ಬೀಳುತ್ತೆ. ಮೊದಲಿದ್ದ ರೆಡಿಮೇಡ್ ಕರ್ಟನ್ ಮೆರೂನ್ ಕಲರ್ದು, ಕಿಟಕಿ ಕಡೆಗಿದ್ದ ಮಡಿಕೆಗಳೆಲ್ಲ ಬಣ್ಣ ಬಿಟ್ಟು ಬಿಳಚಿಕೊಂಡು, ಒಳ ಮಡಿಕೆಲಿ ಮಾತ್ರ ಮೆರೂನ್ ಉಳ್ಕೊಂಡು, ಎಳೆದ್ರೆ ಉದ್ದುದ್ದ ಪಟ್ಟೆ ಪಟ್ಟೆ ಕಾಣ್ತಿತ್ತು. ಮೈಸೂರಲ್ಲಿ ನಮ್ಮಕ್ಕನ ಮನೆಲಿ ಕೆನೆ ಬಣ್ಣದ ಡಮಾಸ್ಕ್ ಹಾಕ್ಸಿದ್ದಾರೆ, ಅದನ್ನ ನೋಡ್ದಾಗಿಂದ ನನಗೆ ಅದೇ ಆಸೆ. ನಮ್ಮ ಮನೆಯವರು ಅದು ಫಂಕ್ಷನ್ ಹಾಲ್ ತರ ಕಾಣುತ್ತೆ ಅಂತಿದ್ರು, ಅತ್ತೆ ಮಾತ್ರ ಮೊದಲಿಂದಾನೂ ನನ್ನ ಕಡೆ.

ಡಮಾಸ್ಕ್ ಅಂದ್ರೆ ಏನು ಅಂತ ಸ್ವಲ್ಪ ಹೇಳ್ತೀನಿ, ಅಂಗಡಿಲಿ ಹೂಬಳ್ಳಿ ಇರೋ ದಪ್ಪ ಬಟ್ಟೆ ಏನಿದ್ರೂ ಡಮಾಸ್ಕ್ ಅಂತಾನೇ ತೋರಿಸ್ತಾರೆ. ಪ್ರಿಂಟ್ ಹೊಡೆದಿರೋದಕ್ಕೂ ಡಮಾಸ್ಕ್ ಪ್ರಿಂಟ್ ಅಂತಾರೆ, ಅದು ಬರೀ ಡಿಸೈನ್ ಹೆಸರು. ನಿಜವಾದ ಡಮಾಸ್ಕಲ್ಲಿ ಹೂವು ನೇಯ್ಗೆಲೇ ಬರ್ಬೇಕು. ನೆಲದಲ್ಲಿ ಹಾಸಿನ ದಾರ ಮೇಲೆ ತೇಲ್ತಾ ಹೋಗುತ್ತೆ, ಹೂವು ಇರೋ ಕಡೆ ಹೊಕ್ಕಿನ ದಾರ ಮೇಲೆ ಬರುತ್ತೆ, ಒಂದು ಉದ್ದಕ್ಕೆ ಇನ್ನೊಂದು ಅಡ್ಡಕ್ಕೆ, ಹಂಗಾಗಿ ಒಂದು ಹೊಳೆಯುತ್ತೆ ಇನ್ನೊಂದು ಮಂಕಾಗಿ ಕಾಣುತ್ತೆ. ಸೆಲ್ಫ್ ಡಿಸೈನ್ ರೇಷ್ಮೆ ಸೀರೆ ಇರುತ್ತಲ್ಲ, ಒಂದೇ ಬಣ್ಣ ಇದ್ರೂ ನಡೆದಾಡ್ದಾಗ ಹೂವು ಮಿಂಚಿ ಮಾಯ ಆಗುತ್ತಲ್ಲ, ಹಂಗೆ. ತಿರುಗಿಸಿದ್ರೆ ಹಿಂದೆ ಉಲ್ಟಾ ಇರುತ್ತೆ, ಮುಂದೆ ಹೊಳೆಯೋದು ಹಿಂದೆ ಮಂಕು, ಮುಂದೆ ಮಂಕಾಗಿದ್ದು ಹಿಂದೆ ಹೊಳಪು. ಹಿಂದೆ ದಾರಗಳು ಜೋಲಾಡ್ತಾ ಗಲೀಜಾಗಿದ್ರೆ ಅದು ಬೇರೆ ತರದ ಜಕಾರ್ಡ್ (ಮಗ್ಗದಲ್ಲೇ ಡಿಸೈನ್ ನೇಯ್ದ ಬಟ್ಟೆ), ಕೆಟ್ಟದ್ದು ಅಂತಲ್ಲ, ಆದ್ರೆ ಡಮಾಸ್ಕ್ ರೇಟ್ ಕೊಡೋಕ್ ಮುಂಚೆ ತಿರುಗಿಸಿ ನೋಡಿ.

ಹೆಸರು ಸಿರಿಯಾದ ಡಮಾಸ್ಕಸ್ ಊರಿಂದ ಬಂದಿದ್ದು, ಅದು ಹಿಂದೆ ರೇಷ್ಮೆ ವ್ಯಾಪಾರಕ್ಕೆ ದೊಡ್ಡ ಪೇಟೆ. ಆಮೇಲೆ ಇಟಲಿಯವರು ನೇಯ್ದ್ರು. 1804ರಲ್ಲಿ ಫ್ರಾನ್ಸಿನ ಲಿಯೋನ್ ಊರಿನ ಜೋಸೆಫ್ ಮಾರಿ ಜಕಾರ್ಡ್ ತೂತು ಕೊರೆದ ಕಾರ್ಡ್‌ಗಳಿಂದ ದಾರ ಎತ್ತೋ ಯಂತ್ರ ಮಾಡಿದ ಮೇಲೆ ಈ ಹೂವು ನೇಯೋದು ಸುಲಭ ಆಯ್ತು. ಆ ಕಾರ್ಡ್ ಮಾಲೆನ ಕಣ್ಣಾರೆ ನೋಡ್ಬೇಕು ಅಂದ್ರೆ ಲಿಯೋನ್‌ಗೆ ಹೋಗೋದೇನೂ ಬೇಡ, ನಮ್ಮ ಕರ್ನಾಟಕದಲ್ಲೇ ಕೆಲವು ಸೀರೆ ನೇಯೋರ ಮನೆಲಿ ಮಗ್ಗದ ಮೇಲೆ ಜಕಾರ್ಡ್ ಪೆಟ್ಟಿಗೆ ಕೂತಿರುತ್ತೆ. ಇದೆಲ್ಲ ತಿಳ್ಕೊಂಡ ಮೇಲೆ ನನಗೆ ಈ ಬಟ್ಟೆ ಮೇಲೆ ಇನ್ನೂ ಪ್ರೀತಿ ಜಾಸ್ತಿ ಆಯ್ತು.

ಸರಿ, ಅಂಗಡಿ ವಿಷಯಕ್ಕೆ ಬರ್ತೀನಿ. ಚಿಕ್ಕಪೇಟೆಲೂ ನೋಡಿದ್ವಿ, ಜಯನಗರ ಫೋರ್ತ್ ಬ್ಲಾಕ್ ಕಡೆನೂ ನೋಡಿದ್ವಿ. ಚಿಕ್ಕಪೇಟೆಲಿ ಥಾನಲ್ಲಿ ಸ್ಟಾಕ್ ಇರುತ್ತೆ, ರೇಟ್ ಕಮ್ಮಿ, ಆದ್ರೆ ಜನ ಜಾಸ್ತಿ, ನಿಂತು ಯೋಚನೆ ಮಾಡೋಕೆ ಆಗಲ್ಲ. ಜಯನಗರದಲ್ಲಿ ಕ್ಯಾಟಲಾಗ್ ಬುಕ್ ಕೊಟ್ಟು ಕೂರಿಸ್ತಾರೆ, ಆರಿಸಿದ ಮೇಲೆ ಬಟ್ಟೆ ತರಿಸಿ ಕೊಡ್ತಾರೆ. ನಾವು ಕೇಳಿದ ಕಡೆ ಪೂರ್ತಿ ಪಾಲಿಯೆಸ್ಟರ್ ಡಮಾಸ್ಕ್ ಆಗ ಮೀಟರಿಗೆ 350ರಿಂದ ಶುರು ಇತ್ತು, ವಿಸ್ಕೋಸ್ (ಮರದ ತಿರುಳಿಂದ ಮಾಡೋ ದಾರ) ಮಿಕ್ಸ್ 500 ದಾಟ್ತಿತ್ತು, ಕಾಟನ್ನು 800 ಮೇಲಿತ್ತು, ರೇಷ್ಮೆ ಮಿಕ್ಸ್ ರೇಟ್ ಕೇಳಿ ಅಲ್ಲಿಗೇ ಬಿಟ್ವಿ. ರೇಷ್ಮೆ ಬಿಟ್ಟಿದ್ದು ದುಡ್ಡಿಗೆ ಮಾತ್ರ ಅಲ್ಲ, ಬಿಸಿಲು ರೇಷ್ಮೆಗೆ ಆಗಲ್ಲ, ಬಣ್ಣ ಹೋಗೋದ್ರ ಜೊತೆ ದಾರಾನೇ ಶಕ್ತಿ ಕಳ್ಕೊಂಡು ಮಡಿಕೆಲಿ ಸೀಳಿಬಿಡುತ್ತೆ, ಪಶ್ಚಿಮದ ಕಿಟಕಿಗೆ ಅದನ್ನ ಹಾಕ್ಸೋದು ಬೇಡವೇ ಬೇಡ.

ಅಂಗಡಿ ಒಳಗೆ ಏನಾಗುತ್ತೆ ಅಂದ್ರೆ, ಮೇಲೆ ಸಾಲಾಗಿ ಬಿಳಿ ಲೈಟ್, ಬಟ್ಟೆ ನಿಮ್ಮ ಮುಂದೆ ಟೇಬಲ್ ಮೇಲೆ. ಬೆಳಕು ಬಟ್ಟೆ ಮುಖದ ಮೇಲೆ ಬಿದ್ದು ವಾಪಸ್ ಕಣ್ಣಿಗೆ ಬರುತ್ತೆ, ಹೂವು ಅಷ್ಟು ಚೆನ್ನಾಗಿ ಎದ್ದು ಕಾಣೋದು ಅದಕ್ಕೇ. ಮನೆಲಿ ಹಗಲೊತ್ತು ಬೆಳಕು ಕಿಟಕಿಯಿಂದ, ಅಂದ್ರೆ ಬಟ್ಟೆ ಬೆನ್ನಿಂದ ಬರುತ್ತೆ. ಆಗ ಹೊಳಪು ಮಂಕು ಅನ್ನೋ ಭೇದ ಎಲ್ಲಿ ಉಳಿಯುತ್ತೆ? ನಾನು ಬೂದು ನೀಲಿ ಕಲರಲ್ಲಿ ಒಂದು ಪೀಸ್ ತುಂಬಾ ಇಷ್ಟಪಟ್ಟಿದ್ದೆ, ಅಂಗಡಿಯವರು ಒಂದು ಮೀಟರ್ ದುಡ್ಡು ಇಟ್ಕೊಂಡು ಮನೆಗೆ ಕೊಟ್ರು, ತಂದು ಹಳೇ ರಾಡಿಗೆ ಬಟ್ಟೆ ಕ್ಲಿಪ್ ಹಾಕಿ ನೇತಾಕಿದೆ. ಮಧ್ಯಾಹ್ನ ನೋಡಿದ್ರೆ ಹೂವೇ ಇಲ್ಲ! ಬರೀ ಮಣ್ಣು ಬಣ್ಣದ ದಪ್ಪ ಬಟ್ಟೆ ತರ ಕಾಣ್ತಿದೆ, ಹೂವಿನ ಜಾಗದಲ್ಲಿ ನೇಯ್ಗೆ ಸ್ವಲ್ಪ ತೆಳ್ಳಗಿರೋ ಕಡೆ ಬೆಳಕು ಚುಕ್ಕೆ ಚುಕ್ಕೆಯಾಗಿ ತೂರಿ ಬರ್ತಿದೆ. ರಾತ್ರಿ ಲೈಟ್ ಹಾಕಿದ್ ತಕ್ಷಣ ಮತ್ತೆ ಹೂಬಳ್ಳಿ ವಾಪಸ್ ಬಂತು. ಅತ್ತೆ ಅಲ್ಲೇ ಕೂತಿದ್ರು, "ಹಿಂದೆ ಒಂದು ಬಿಳಿ ಪಂಚೆ ಇಟ್ಟು ನೋಡಮ್ಮ" ಅಂದ್ರು. ಇಟ್ಟೆ. ಮೂರು ಗಂಟೆ ಬಿಸಿಲಲ್ಲೂ ಹೂವು ನಿಂತ್ಕೊಳ್ತು, ಬಣ್ಣಾನೂ ನೀಲಿಗೆ ತಿರುಗ್ತು. ಲೈನಿಂಗ್ ಯಾಕೆ ಬೇಕು ಅಂತ ಆ ಪಂಚೆ ಒಂದರಲ್ಲೇ ನಮಗೆ ಅರ್ಥ ಆಗೋಯ್ತು.

ಅಲ್ಲಿಂದ ಮುಂದೆ ನಾನು ಯಾವ ಪೀಸ್ ತಂದ್ರೂ ಹಿಂದೆ ಬಿಳಿ ಬಟ್ಟೆ ಇಟ್ಟೇ ನೋಡ್ತಿದ್ದೆ. ಆಗ ಇನ್ನೂ ಒಂದು ವಿಷಯ ಕಣ್ಣಿಗೆ ಬಿತ್ತು. ಬಟ್ಟೆನ ಚಪ್ಪಟೆಯಾಗಿ ಹರಡಿ ನೋಡೋದು ಬೇರೆ, ಮಡಿಕೆ ಬಿದ್ದ ಮೇಲೆ ನೋಡೋದು ಬೇರೆ. ಕ್ಯಾಟಲಾಗಲ್ಲಿ ಎರಡಡಿ ಎತ್ತರದ ದೊಡ್ಡ ಮೆಡಾಲಿಯನ್ ಹೂವು ರಾಜಮನೆತನದ ಹಂಗೆ ಕಾಣುತ್ತೆ, ಅದನ್ನೇ ಕೈಯಲ್ಲಿ ಗುಪ್ಪೆ ಮಾಡಿ ಹಿಡಿದ್ರೆ ಅರ್ಧ ಹೂವು ಮಡಿಕೆ ಒಳಗೆ ಹೋಗಿ ಅಲ್ಲೊಂದು ಎಲೆ ಇಲ್ಲೊಂದು ದಂಟು ಮಾತ್ರ ಉಳಿಯುತ್ತೆ. ದೊಡ್ಡ ಡಿಸೈನ್ ಚೆನ್ನಾಗಿ ಕಾಣ್ಬೇಕು ಅಂದ್ರೆ ಅಗಲ ಇರೋ ಕಿಟಕಿ, ಎತ್ತರದ ಸೂರು ಬೇಕು. ನಮ್ಮ ಆರಡಿ ಕಿಟಕಿಗೆ ಒಂದು ಗೇಣಿನಷ್ಟು ಅಗಲ ಇರೋ ಹೂವು ಸರಿ ಅನ್ನಿಸ್ತು, ಈಗ್ಲೂ ಅದೇ ಸರಿ ಅಂತೀನಿ. ಎರಡು ಮಡಿಕೆ ಮಧ್ಯೆ ಒಂದು ಹೂವು ಪೂರ್ತಿ ಕಾಣುತ್ತೆ.

ಇನ್ನು ದಾರದ ವಿಷಯ. ಒಂದು ಅಂಗಡಿಲಿ ಪ್ಯೂರ್ ಕಾಟನ್ ಡಮಾಸ್ಕ್ ಅಂತ ಹೇಳಿ ಮೀಟರಿಗೆ 900 ಹೇಳಿದ್ರು. ಮುಟ್ಟಿದ್ರೆ ತಣ್ಣಗೆ ಜಾರ್ತಿತ್ತು, ನನಗ್ಯಾಕೋ ಅನುಮಾನ ಬಂತು. ಸ್ಯಾಂಪಲ್ ಮನೆಗೆ ತಂದು, ಕತ್ತರಿಸಿದ ಅಂಚಿಂದ ಉದ್ದದ ದಾರ ಒಂದು, ಅಡ್ಡದ ದಾರ ಒಂದು ಎಳ್ಕೊಂಡು, ಸ್ಟೀಲ್ ತಟ್ಟೆ ಮೇಲೆ ಬೇರೆ ಬೇರೆ ಇಟ್ಟು ಬೆಂಕಿಕಡ್ಡಿ ಗೀರಿದೆ. ಅಡ್ಡದ ದಾರ ಪೇಪರ್ ಸುಟ್ಟ ವಾಸನೆ ಬಂದು ಬೂದಿ ಆಯ್ತು, ಬೆರಳಲ್ಲಿ ಮುಟ್ಟಿದ್ರೆ ಪುಡಿ. ಉದ್ದದ ದಾರ ಬೆಂಕಿ ಹತ್ರ ಹೋಗ್ತಿದ್ದಂಗೆ ಮುದುರ್ಕೊಂಡು ಕರಗಿ ತುದಿಲಿ ಸಾಸಿವೆಗಿಂತ ಚಿಕ್ಕ ಕಪ್ಪು ಗುಂಡು ಆಯ್ತು, ತಣ್ಣಗಾದ ಮೇಲೆ ಉಗುರಲ್ಲಿ ಒತ್ತಿದ್ರೂ ಒಡೀಲಿಲ್ಲ. ಅಂದ್ರೆ ಹಾಸು ಪಾಲಿಯೆಸ್ಟರ್, ಹೊಕ್ಕು ಕಾಟನ್ನೋ ವಿಸ್ಕೋಸೋ ಇರ್ಬೇಕು, ಅವೆರಡೂ ಸುಟ್ರೆ ಒಂದೇ ತರ. ಮಿಕ್ಸ್ ಇದ್ರೆ ತಪ್ಪೇನಿಲ್ಲ, ಎರಡು ದಾರ ಬಣ್ಣ ಬೇರೆ ಬೇರೆ ತರ ಹಿಡಿಯೋದ್ರಿಂದ ಹೂವು ಇನ್ನೂ ಎದ್ದು ಕಾಣುತ್ತೆ, ಒಗೆದ್ರೆ ಜಾಸ್ತಿ ಕುಗ್ಗಲ್ಲ, ಬಾಳಿಕೆನೂ ಬರುತ್ತೆ. ಆದ್ರೆ ಪ್ಯೂರ್ ಕಾಟನ್ ಅಂತ ಹೇಳಿ ಆ ರೇಟ್ ಕೇಳೋದು ನ್ಯಾಯ ಅಲ್ಲ, ನನಗೆ ನಿಜಕ್ಕೂ ಬೇಜಾರಾಯ್ತು, ಆ ಅಂಗಡಿ ಬಿಟ್ಟೆ. ಬೇರೆ ಕಡೆ ಅದೇ ತರದ ಮಿಕ್ಸ್ ಬಟ್ಟೆ, ಮಿಕ್ಸ್ ಅಂತಾನೇ ಹೇಳಿ 560ಕ್ಕೆ ಕೊಟ್ರು.

ಬಣ್ಣ ಕೊನೆಗೆ ಯಾವುದಾಯ್ತು ಅಂದ್ರೆ, ಗೋಧಿ ಬಣ್ಣಕ್ಕೆ ಹತ್ತಿರದ ತಿಳಿ ಹೊನ್ನು. ಬೂದು ನೀಲಿ ಬಿಟ್ಟಿದ್ದಕ್ಕೆ ಕಾರಣ ಸಂಜೆ ಬಿಸಿಲು. ಸಂಜೆ ಬೆಳಕು ಕೆಂಪಗೆ ಹಳದಿಯಾಗಿ ಬರುತ್ತಲ್ಲ, ಅದು ನೀಲಿ ಮೇಲೆ ಬಿದ್ರೆ ಮಂಕು ಹೊಡೆಯುತ್ತೆ, ಹೊನ್ನಿನ ಮೇಲೆ ಬಿದ್ರೆ ಕೋಣೆನೇ ತುಂಬ್ಕೊಳ್ಳುತ್ತೆ. ಪೂರ್ವದ ಕಿಟಕಿ ಇದ್ದಿದ್ರೆ ನೀಲಿನೇ ಹಾಕ್ಸ್ತಿದ್ದೆ. ಗಾಢ ಬಣ್ಣ ಬಿಸಿಲಲ್ಲಿ ಮಾಸಿದ್ರೆ ಎದ್ದು ಕಾಣುತ್ತೆ, ತಿಳಿ ಬಣ್ಣದಲ್ಲಿ ಅಷ್ಟು ಗೊತ್ತಾಗಲ್ಲ, ಹಳೇ ಮೆರೂನ್ ಕರ್ಟನ್ನೇ ಅದಕ್ಕೆ ಸಾಕ್ಷಿ.

ಈಗ ಲೆಕ್ಕ. ಇಲ್ಲೇ ಜನ ದುಡ್ಡು ಜಾಸ್ತಿ ಕೊಡೋದು ಅಥವಾ ಬಟ್ಟೆ ಸಾಲದೆ ಒದ್ದಾಡೋದು, ಅದಕ್ಕೆ ಬಿಡಿಸಿ ಹೇಳ್ತೀನಿ. ಕಿಟಕಿ 72 ಇಂಚು, ರಾಡ್ ಎರಡೂ ಕಡೆ 8 ಇಂಚು ಆಚೆ ಹೋಗ್ಬೇಕು, ಕರ್ಟನ್ ಸರಿಸಿದಾಗ ಬಟ್ಟೆ ಗೋಡೆ ಮೇಲೆ ನಿಂತು ಕಿಟಕಿ ಪೂರ್ತಿ ಬಿಡಬೇಕಲ್ಲ, ಹಂಗಾಗಿ 88 ಇಂಚು. ಬಟ್ಟೆ ಅಗಲ 54 ಇಂಚು. ಡಮಾಸ್ಕ್‌ಗೆ ಮಡಿಕೆ ಕಮ್ಮಿ ಆದ್ರೆ ಬಡಕಲಾಗಿ ಕಾಣುತ್ತೆ, ರಾಡಿನ ಅಗಲಕ್ಕೆ ಎರಡರಷ್ಟಾದ್ರೂ ಬಟ್ಟೆ ಬೇಕು, 176 ಇಂಚು, ಮೂರು ಪ್ಯಾನೆಲ್ (54 ಇಂಚು ಅಗಲದ ಒಂದೊಂದು ಪೀಸ್) ಸಾಲಲ್ಲ, ನಾಲ್ಕು ಬೇಕು. ಉದ್ದ ರಾಡಿಂದ ನೆಲದವರೆಗೆ 94 ಇಂಚು, ಮೇಲೆ ಬಕ್ರಮ್ (ಪ್ಲೀಟ್ ನಿಲ್ಲೋಕೆ ಒಳಗಿಡೋ ಗಟ್ಟಿ ಪಟ್ಟಿ) ಮಡಿಕೆಗೆ, ಕೆಳಗೆ ಅಂಚು ಮಡಿಕೆಗೆ ಸೇರಿ 12 ಇಂಚು, ಒಟ್ಟು 106, ಅಂದ್ರೆ 269 ಸೆಂಟಿಮೀಟರ್. ಇಲ್ಲಿವರೆಗೆ ಎಲ್ಲಾ ಅಂಗಡಿಯವರೂ ಸರಿಯಾಗೇ ಹೇಳ್ತಾರೆ.

ಅವರು ಮರೆಯೋದು ರಿಪೀಟ್. ಹೂವು ಎಷ್ಟು ಉದ್ದಕ್ಕೊಮ್ಮೆ ಮತ್ತೆ ಬರುತ್ತೆ ಅನ್ನೋದು. ನಾಲ್ಕು ಪ್ಯಾನೆಲಲ್ಲೂ ಹೂವು ಒಂದೇ ಮಟ್ಟದಲ್ಲಿ ಕೂರ್ಬೇಕು ಅಂದ್ರೆ ಪ್ರತಿ ಪ್ಯಾನೆಲ್ನೂ ಹೂವಿನ ಅದೇ ಜಾಗದಿಂದಾನೇ ಕತ್ತರಿಸ್ಬೇಕು, ಆದ್ರಿಂದ ಒಂದು ಪ್ಯಾನೆಲ್ ಉದ್ದನ ಪೂರ್ತಿ ಪೂರ್ತಿ ರಿಪೀಟ್‌ಗಳ ಲೆಕ್ಕಕ್ಕೆ ಏರಿಸ್ಬೇಕು. ದೊಡ್ಡ ಮೆಡಾಲಿಯನ್ ರಿಪೀಟ್ 64 ಸೆಂಟಿಮೀಟರ್ ಇತ್ತು, 269 ಬೇಕಾದ್ರೆ ಐದು ರಿಪೀಟ್, 320 ಸೆಂಟಿಮೀಟರ್, ನಾಲ್ಕಕ್ಕೆ 12.8 ಮೀಟರ್. ನಾವು ಆರಿಸಿದ್ದರ ರಿಪೀಟ್ 32, ಒಂಬತ್ತು ರಿಪೀಟಿಗೆ 288, ನಾಲ್ಕಕ್ಕೆ 11.52 ಮೀಟರ್. ಒಂದು ಅಂಗಡಿಯವರ ಕಡೆಯಿಂದ ಅಳತೆಗೆ ಬಂದ ಹುಡುಗ ಇದೇನೂ ನೋಡದೆ ಹನ್ನೊಂದು ಮೀಟರ್ ಸಾಕು ಮೇಡಂ ಅಂತ ಬರ್ಕೊಂಡು ಹೋಗಿದ್ದ, ಆ ಲೆಕ್ಕದಲ್ಲಿ ತಗೊಂಡಿದ್ರೆ ಒಂದು ಪ್ಯಾನೆಲಲ್ಲಿ ಹೂವು ಅರ್ಧ ಗೇಣು ಕೆಳಗೆ ಕೂತಿರೋದು. ಆಮೇಲೆ ಸ್ವಲ್ಪ ತಗೋಳೋಣ ಅಂದ್ರೂ ಬೇರೆ ಡೈ ಲಾಟ್ (ಬೇರೆ ಸಲ ಬಣ್ಣ ಹಾಕಿದ ಬಟ್ಟೆ) ಬಂದ್ರೆ ಬಣ್ಣ ಹೊಂದಲ್ಲ. ನಾವು ಒಂದೇ ಥಾನಿಂದ ಹನ್ನೆರಡು ಮೀಟರ್ ಒಟ್ಟಿಗೇ ತಗೊಂಡ್ವಿ.

ಬಟ್ಟೆ ಮನೆಗೆ ಬಂದ ಮೇಲೆ ಟೈಲರ್‌ಗೆ ಕೊಡೋಕ್ ಮುಂಚೆ ಪೂರ್ತಿ ಬಿಚ್ಚಿ ನೋಡಿ, ಇದು ನಾನು ಕೈ ಮುಗಿದು ಹೇಳೋ ಮಾತು. ಟೆರೇಸ್ ಮೇಲೆ ದಾರ ಕಟ್ಟಿ ಹಾಕಿ ಬೆಳಕಿಗೆ ಹಿಡಿದಾಗ ಮೊದಲ ಸಲ ಬಂದ ಥಾನಲ್ಲಿ ಅಡ್ಡಡ್ಡ ಒಂದು ಗೆರೆ ಕಾಣಿಸ್ತು, ನೇಯೋವಾಗ ಹೊಕ್ಕು ತಪ್ಪಿ ಹೋಗಿತ್ತು. ಮಡಿಚಿಟ್ಟಾಗ ಗೊತ್ತೇ ಆಗಲ್ಲ, ಕಿಟಕಿಗೆ ಹಾಕಿದ್ರೆ ಬೆನ್ನಿನ ಬೆಳಕಿಗೆ ಬಿಳೀ ಗೆರೆಯಾಗಿ ಕಾಣೋದು. ಕತ್ತರಿ ಹಾಕಿರ್ಲಿಲ್ಲ ಅಂತ ಅಂಗಡಿಯವರು ಮಾತಾಡದೆ ಬದಲಾಯಿಸಿ ಕೊಟ್ರು, ಕತ್ತರಿಸಿದ ಮೇಲೆ ಯಾರೂ ವಾಪಸ್ ತಗೊಳ್ಳಲ್ಲ.

ಟೈಲರ್ ವಿಷಯದಲ್ಲಿ ನಾವು ಪುಣ್ಯ ಮಾಡಿದ್ವಿ. ಬರೀ ಕರ್ಟನ್ನು ಸೋಫಾ ಕವರ್ ಹೊಲಿಯೋ ಹಿರಿಯರು, ತಾವೇ ಮನೆಗೆ ಬಂದು ನೋಡಿದ್ರು. ನಾನು ಐಲೆಟ್ ಅಂತ ಅಂದ್ಕೊಂಡಿದ್ದೆ, ಸ್ಟೀಲ್ ರಿಂಗ್ ಇರೋದು, ಎಳೆಯೋಕೆ ಸಲೀಸು ಅಂತ. ಅವರು ಬಟ್ಟೆ ನೆಲದ ಮೇಲೆ ಹಾಸಿ, "ಐಲೆಟ್ ಹಾಕಿದ್ರೆ ಅಲೆ ಅಲೆಯಾಗಿ ನಿಲ್ಲುತ್ತಮ್ಮ, ಹೂವು ಅರ್ಧ ಮುಂದೆ ಅರ್ಧ ಹಿಂದೆ ಹೋಗುತ್ತೆ, ಇದಕ್ಕೆ ತ್ರೀ ಪ್ಲೀಟ್ ಹಾಕ್ತೀನಿ" ಅಂದ್ರು. ಬಟ್ಟೆ ಅಗಲದಲ್ಲಿ ಸಾಲಾಗಿ ನಾಲ್ಕು ಹೂವು ಬರ್ತಿತ್ತು. ಹೂವಿನ ನಡುಮಧ್ಯೆ ಪ್ಲೀಟ್ ಬೀಳ್ಬಾರ್ದು, ಹೂವು ಹೂವಿನ ಸಂದಿಲಿ ಮೂರು, ಎರಡು ಅಂಚಲ್ಲಿ ಎರಡು, ಒಟ್ಟು ಐದು ಪ್ಲೀಟ್. ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದೊಂದು ಪ್ಲೀಟಿಗೆ ಸುಮಾರು ಆರಿಂಚು ಬಟ್ಟೆ ಹಿಡಿದು ಮೂರು ಮಡಿಕೆ ಮಾಡಿ ಬೆರಳಲ್ಲಿ ಒತ್ತಿ ತೋರಿಸಿದ್ರು, ಹೂವು ಅಷ್ಟೂ ಮುಂದೆ ಬಂದು ನಿಂತ್ಕೊಳ್ತು. ಎರಡೆರಡು ಪ್ಯಾನೆಲ್ ಸೇರಿಸಿ ಹೊಲಿಯೋವಾಗ ಜಾಯಿಂಟ್ ಸರಿಯಾಗಿ ಅಂಚಿನ ಪ್ಲೀಟ್ ಹಿಂದೆ ಹೋಗಿ ಬಿಡುತ್ತೆ. ಅಷ್ಟು ವರ್ಷದ ಕೆಲಸದವರ ಕೈ ನೋಡೋದೇ ಒಂದು ಖುಷಿ.

ಲೈನಿಂಗ್ ಬಗ್ಗೆ ಅವರು ಹೇಳಿದ್ದು ತುಂಬಾ ಮುಖ್ಯ. ಲೈನಿಂಗ್‌ನ ಮೇಲ್ತುದಿಲಿ ಮಾತ್ರ ಸೇರಿಸಿ ಹೊಲಿಬೇಕು, ಕೆಳಗೆ ಬಿಡಿಯಾಗೇ ಇರ್ಬೇಕು, ಒಂದಿಂಚು ಗಿಡ್ಡ ಇರ್ಬೇಕು. ಎರಡು ಬಟ್ಟೆ ಒಗೆದಾಗ ಒಂದೇ ಸಮ ಕುಗ್ಗಲ್ಲ, ಕೆಳಗೂ ಸೇರಿಸಿ ಹೊಲಿದ್ರೆ ಮುಂದಿನ ಬಟ್ಟೆ ಮುದುರ್ಕೊಳ್ಳುತ್ತೆ. ಬ್ಲ್ಯಾಕೌಟ್ ಹಾಕ್ಸಿ ಅಂತ ಎಲ್ಲರೂ ಹೇಳ್ತಿದ್ರು, ಹಾಲ್‌ಗೆ ಅಷ್ಟು ಕತ್ತಲೆ ಯಾಕೆ ಬೇಕು, ಕೆನೆ ಬಣ್ಣದ ಸಾದಾ ಲೈನಿಂಗ್ ಹಾಕ್ಸಿದ್ವಿ. ಬೆಡ್‌ರೂಮಿಗಾದ್ರೆ ಬ್ಲ್ಯಾಕೌಟ್ ಸರಿ.

ಖರ್ಚು ಕೇಳೋರಿಗೆ: ಬಟ್ಟೆ 12 ಮೀಟರ್ 6,720, ಲೈನಿಂಗ್ 150ರ ಲೆಕ್ಕದಲ್ಲಿ ಹತ್ತತ್ರ ಹನ್ನೊಂದು ಮೀಟರ್ 1,620, ಹೊಲಿಗೆ ಪ್ಯಾನೆಲ್‌ಗೆ 300ರಂತೆ 1,200, ರಾಡು ಬ್ರಾಕೆಟ್ಟು 1,800. ಒಟ್ಟು 11,340. ಲೈನಿಂಗ್ ಸೇರಿದ್ರೆ ತೂಕ ಜಾಸ್ತಿ, ಎರಡು ಬ್ರಾಕೆಟ್ ಮೇಲೆ ನಿಲ್ಲಿಸಿದ್ರೆ ರಾಡ್ ನಡು ಬಾಗುತ್ತೆ, ಮಧ್ಯಕ್ಕೊಂದು ಬ್ರಾಕೆಟ್ ಕೇಳಿ ಹಾಕಿಸ್ಕೊಳ್ಳಿ. ಉಳಿದ ಅರ್ಧ ಮೀಟರಲ್ಲಿ ಅದೇ ಹಿರಿಯರು ಮೂರು ಕುಶನ್‌ಗೆ ಮುಖ ಕತ್ತರಿಸಿ ಕೊಟ್ರು, ಹಿಂದೆ ಸಾದಾ ಬಟ್ಟೆ.

ನೇತಾಕಿದ ದಿನ ಪ್ಲೀಟ್‌ಗಳನ್ನ ಮೇಲಿಂದ ಕೆಳಗೆ ಕೈಯಲ್ಲಿ ನೀವಿ, ಬಟ್ಟೆ ಪಟ್ಟಿಲಿ ಸಡಿಲವಾಗಿ ಮೂರು ಕಡೆ ಕಟ್ಟಿ ಕೆಲವು ದಿನ ಹಂಗೇ ಬಿಡ್ಬೇಕು, ಆಗ ಮಡಿಕೆ ನೆಟ್ಟಗೆ ಕೂರುತ್ತೆ. ನಮ್ಮ ಮನೆಯವರು ಈಗ ಫಂಕ್ಷನ್ ಹಾಲ್ ಅಂತ ಹೇಳಲ್ಲ, ಬಂದೋರಿಗೆ ತಾವೇ ಹೂವು ತೋರಿಸ್ತಾರೆ.

ಒಗೆಯೋದು: ಮಿಕ್ಸ್ ಬಟ್ಟೆ ಆದ್ರೆ ತಣ್ಣೀರಲ್ಲಿ, ಮೆಷಿನ್ ಡೆಲಿಕೇಟ್ ಮೋಡಲ್ಲಿ, ಬಟ್ಟೆ ಚೀಲದೊಳಗೆ ಹಾಕಿ, ಹುಕ್ ಎಲ್ಲಾ ತೆಗೆದು. ಇಸ್ತ್ರಿ ಹಿಂಬದಿಯಿಂದ ಮಾತ್ರ, ಮುಂದಿಂದ ಬಿಸಿ ಒತ್ತಿದ್ರೆ ಹೊಳಪು ಬದಲಾಗುತ್ತೆ. ಪೂರ್ತಿ ಕಾಟನ್ ತಗೊಂಡ್ರೆ ಹೊಲಿಸೋಕ್ ಮುಂಚೆ ನೆನೆಸಿ ಒಣಗಿಸಿ, ಆ ಕುಗ್ಗೋದನ್ನ ಲೆಕ್ಕದಲ್ಲಿ ಸೇರಿಸ್ಕೊಳ್ಳಿ. ಇನ್ನು ತೇಲೋ ದಾರಕ್ಕೆ ಬಳೆ, ಉಂಗುರ, ಬೆಕ್ಕಿನ ಉಗುರು ಸಿಕ್ಕಿದ್ರೆ ಎಳೆ ಕಿತ್ತು ಕುಣಿಕೆ ತರ ಹೊರಗೆ ಬರುತ್ತೆ. ಅದನ್ನ ಕತ್ತರಿಸ್ಬೇಡಿ, ಕತ್ತರಿಸಿದ್ರೆ ಅಲ್ಲಿಂದ ಬಿಟ್ಕೊಂಡು ಹೋಗುತ್ತೆ. ಮೊಂಡು ತುದಿಯ ದಪ್ಪ ಸೂಜಿ ತಗೊಂಡು ಕುಣಿಕೆನ ನಿಧಾನಕ್ಕೆ ಹಿಂದಕ್ಕೆ ತಳ್ಳಿ, ಆಮೇಲೆ ಆ ಜಾಗನ ಎರಡೂ ಕೈಯಲ್ಲಿ ಮೂಲೆಯಿಂದ ಮೂಲೆಗೆ ಸ್ವಲ್ಪ ಎಳೆದ್ರೆ ದಾರ ಹೆಚ್ಚುಕಮ್ಮಿ ತನ್ನ ಜಾಗಕ್ಕೆ ವಾಪಸ್ ಹೋಗುತ್ತೆ.